ಜೀಪಿನ ಟಯರಿಗೆ ಎಷ್ಟು ಗಾಳಿ

ನಮ್ಮ ಹಳೆಯ ಜೀಪಿನ ಟಯರಿಗೆ ಎಷ್ಟು ಗಾಳಿ ಇರಬೇಕೆಂದು ಗಲ್ಫಿನಿಂದ ಬಂದವರೆಲ್ಲ ನನಗೆ ಪಾಠ ಹೇಳಿದ್ದಾರೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೇನೆ. ಅಣ್ಣನ ಮೇಲಿನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ.

ಕೊಕ್ಕಡದ ರಸ್ತೆಯಿಂದ ನಮ್ಮ ಮನೆಗೆ ಇರುವುದು ಮುರಕಲ್ಲಿನ ಗುಡ್ಡದ ದಾರಿ. ರಿಕ್ಷಾದವರು ಕೆಳಗಿನ ಡಾಂಬರಿನಲ್ಲೇ ಕೈ ಮುಗಿಯುತ್ತಾರೆ. ಅಮ್ಮನನ್ನು ಡಯಾಲಿಸಿಸ್‌ಗೆಂದು ವಾರ ವಾರವೂ ಬೆಳ್ತಂಗಡಿಗೆ ಕರೆದೊಯ್ಯುವವಳು ನಾನು. ಗಾಳಿ ಹೆಚ್ಚಾದರೆ ದಾರಿಯ ಪ್ರತಿ ಕಲ್ಲೂ ಅಮ್ಮನ ಸೊಂಟಕ್ಕೆ ತಾಗುತ್ತದೆ. ತೀರಾ ಕಡಿಮೆಯಾದರೆ ತಿರುವಿನಲ್ಲಿ ಟಯರು ರಿಮ್ಮಿನ ಮೇಲೆ ಜಾರಿ, ಗಾಳಿ ತುಂಬುವ ಟ್ಯೂಬಿನ ಬಾಯಿಯೇ ಕಿತ್ತು ಬರುತ್ತದೆ. ಗಾಳಿ ಇಪ್ಪತ್ತನಾಲ್ಕು ಪೌಂಡ್ ಇರಬೇಕು ಎಂಬ ಅಂಕಿ ನನಗೆ ಸಿಕ್ಕಿದ್ದು ಕನ್ನಡಿಯಲ್ಲಿ ಅಮ್ಮನ ಮುಖ ನೋಡಿ ನೋಡಿ. ಯಾವ ಪುಸ್ತಕದಿಂದಲೂ ಅಲ್ಲ.

ಅಣ್ಣ ಗಲ್ಫಿನಿಂದ ರಜೆಯಲ್ಲಿ ಬಂದ. ನಮ್ಮದು ಅಳಿಯಸಂತಾನ, ಮನೆ ಬರುವುದು ಹೆಣ್ಣುಮಕ್ಕಳ ಪಾಲಿಗೆ, ಯಜಮಾನಿಕೆ ಮಾತ್ರ ಗಂಡಸರದ್ದು. ಬಂದ ಮರುದಿನವೇ ಜೀಪಿನ ಕೀ ಅವನ ಕಿಸೆ ಸೇರಿತು. ಅಲ್ಲಿ ರಜೆಯ ದಿನ ಗೆಳೆಯರೊಂದಿಗೆ ಗಾಡಿಯಲ್ಲಿ ಮರಳಿನ ದಿಬ್ಬ ಹತ್ತುತ್ತಾನಂತೆ ಅವನು. ಅಮ್ಮನ ಸರದಿಯ ದಿನ ತಾನೇ ಗಾಡಿ ಬಿಡುತ್ತೇನೆಂದ. ನಾನು ಹಲ್ಲು ಕಚ್ಚಿಕೊಂಡು ಹಿಂದೆ ಅಮ್ಮನ ಪಕ್ಕ ಕೂತೆ.

ಮೊದಲ ತಿರುವಿನಲ್ಲೇ ಜೀಪು ಹಟಮಾರಿ ಕೋಣದ ಹಾಗೆ ಒಂದು ಕಡೆಗೆ ಎಳೆಯಿತು. ಟಯರಿನಲ್ಲಿ ಗಾಳಿ ಇಲ್ಲ, ನಿಲ್ಲಿಸು ಎಂದೆ. ಅವನು ನಕ್ಕ. ಬೆಳಗ್ಗೆ ತಾನೇ ಅರ್ಧಕ್ಕರ್ಧ ಇಳಿಸಿದ್ದಂತೆ, ಮರಳಿನಲ್ಲಿ ಎಲ್ಲರೂ ಹೀಗೆಯೇ ಮಾಡುವುದಂತೆ.

"ನೀನು ಸುಮ್ಮನೆ ಕೂತ್ಕೋ ಮಾರಾಯ್ತಿ. ನಾನು ಎಂಥೆಂಥ ಗಾಡಿ ಬಿಟ್ಟಿದ್ದೇನೆ."

ಅವನ ಆ ಗಾಡಿಗಳ ಟಯರಿನೊಳಗೆ ಟ್ಯೂಬೇ ಇರುವುದಿಲ್ಲ ಎಂಬುದು ಆ ದೊಡ್ಡ ತಲೆಗೆ ಹೊಳೆದಿರಲಿಲ್ಲ. ಮುಂದಿನ ತಿರುವಿನಲ್ಲಿ ಟ್ಯೂಬಿನ ಬಾಯಿ ಕಿತ್ತು ಬಂತು, ಜೀಪು ದಾರಿ ಬದಿಯ ಮಣ್ಣಿನ ಬರೆಗೆ ಒರಗಿ ನಿಂತಿತು. ಸ್ಟೆಪ್ನಿ ಇಳಿಸಿದರೆ ಅದೂ ಮೆತ್ತಗೆ. ಎಲ್ಲ ಸಮ ಇರಲಿ ಎಂದು ಅದರ ಗಾಳಿಯನ್ನೂ ಬಿಟ್ಟಿದ್ದ ಪುಣ್ಯಾತ್ಮ. ಬೇರೆ ದಾರಿಯಿಲ್ಲದೆ ಅದನ್ನೇ ಹಾಕಿ ಹೊರಟೆವು, ಸ್ವಲ್ಪ ಕೆಳಗೆ ಅದೂ ಹೋಯಿತು. ಅಣ್ಣ ಫೋನು ಮೇಲೆತ್ತಿ ಹಿಡಿದು ಸಿಗ್ನಲ್ ಹುಡುಕುತ್ತಾ ಗುಡ್ಡ ಇಳಿದ. ಅವನ ಬೆನ್ನಿಗೆ ಒಂದು ಕಲ್ಲು ಎಸೆಯಬೇಕೆನಿಸಿತು.

ಅಮ್ಮನಿಗೆ ನಡೆಯಲಾಗುವುದಿಲ್ಲ. ಬಾತುಕೊಂಡ ಕಾಲು ಚಾಚಿ ಸೀಟಿನಲ್ಲೇ ಕೂತಿದ್ದಳು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಅವಳ ಸರದಿಯ ಹೊತ್ತು ಮೀರಿತು. ಆಸ್ಪತ್ರೆಗೆ ಫೋನು ಸಿಕ್ಕಿತು, ಇನ್ನು ನಾಳೆಯೇ ಬನ್ನಿ ಎಂದರು ಎಂದು ಅಣ್ಣ ಕೆಳಗಿನಿಂದ ಕೂಗಿ ಹೇಳಿದ. ಅಣ್ಣ ಮೇಲೆ ಬರಲಿ, ಇವತ್ತು ಅವನಿಗೆ ಗ್ರಹಚಾರ ಬಿಡಿಸುತ್ತೇನೆ ಎಂದು ನಾನು ಕುದಿಯುತ್ತಿದ್ದೆ. ಅಮ್ಮ ನನ್ನ ಕೈ ಹಿಡಿದಳು.

"ಏನೂ ಹೇಳ್ಬೇಡ. ಬೆಳಗ್ಗೆ ಅವ ಗಾಳಿ ಬಿಡುವಾಗ ನಾನು ಜಗಲಿಯಲ್ಲೇ ಇದ್ದೆ. ಬೇಡ ಅಂದ್ರೆ ಅವನಿಗೆ ಬೇಸರ ಆಗ್ತದೆ ಅಂತ ಸುಮ್ಮನಾದೆ."

ನನಗೆ ಬೇಸರ ಆಗುವುದಿಲ್ಲವಾ ಎಂದು ಕೇಳಿದೆ.

"ನೀನು ಹೇಗೂ ಇಲ್ಲೇ ಇರ್ತೀಯಲ್ಲ" ಎಂದಳು ಅಮ್ಮ.