ಬಂದೂಕು ಕ್ಲಬ್ಬಿನ ಬೇಸಿಗೆ ಓದು

ಬೇಸಿಗೆ ಬಂತೆಂದರೆ ರೈಫಲ್ ಕ್ಲಬ್ಬಿನ ಮೈದಾನಕ್ಕೆ ಬೀಗ ಬೀಳುತ್ತದೆ. ಗುರಿಹಲಗೆಗಳ ಹಿಂದಿನ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಆಗ ಬಂದೂಕಿನ ಹುಚ್ಚಿನವರೆಲ್ಲ ಹೊತ್ತು ಹೋಗದೆ ನನ್ನ ಚಿಕ್ಕಮ್ಮನ ಹತ್ತಿರ ಬರುತ್ತಾರೆ. ಕ್ಲಬ್ಬಿನ ಜಗುಲಿಯ ಮೂಲೆಯಲ್ಲಿ ಅವಳ ಹಳೆ ಪುಸ್ತಕದ ಅಂಗಡಿ. ಬಂದೂಕನ್ನು ಒಮ್ಮೆಯೂ ಮುಟ್ಟದ ಅವಳಿಗೆ ಸದಸ್ಯರು ಇಟ್ಟಿರುವ ಹೆಸರು ಸಿಡಿಮದ್ದು.

ಈ ಬೇಸಿಗೆಗೆ ಏನು ಓದಬೇಕು ಎಂದು ಅವಳು ಅಂಗಡಿಯ ಪಕ್ಕದ ಕರಿಹಲಗೆಯ ಮೇಲೆ ಬರೆಯುತ್ತಾಳೆ. ಮುಲಾಜೆಂಬುದಿಲ್ಲ. ‘ಬೇಟೆಗಾರನೊಬ್ಬನ ನೆನಪುಗಳು: ಹಂದಿ ಒಂದು, ಬಡಾಯಿ ನೂರು. ರೈಲಿನಲ್ಲಿ ಓದಲು ಅಡ್ಡಿಯಿಲ್ಲ.’ ‘ಹಳೆಯ ಬಂದೂಕುಗಳ ಚರಿತ್ರೆ: ನಿದ್ದೆ ಬರುತ್ತದೆ, ಆದರೂ ಓದಿ.’ ‘ಯುದ್ಧಭೂಮಿಯ ವೈದ್ಯ ಗುಂಡೇಟಿನ ಗಾಯಗಳ ಬಗ್ಗೆ ಬರೆದದ್ದು: ಇದನ್ನು ಓದದವರು ನನ್ನ ಹತ್ತಿರ ಬೇರೆ ಪುಸ್ತಕ ಕೇಳಬೇಡಿ.’

ಈ ಕೊನೆಯ ಮಾತಿಗೆ ಕಾರಣ ಚಿಕ್ಕಪ್ಪನ ಎಡಗಾಲು. ಮೊಣಕಾಲಿನಿಂದ ಕೆಳಗೆ ಅದಿಲ್ಲ. ಊರುಗೋಲನ್ನು ಗೋಡೆಗೆ ಒರಗಿಸಿ ಅವನು ಅಂಗಡಿಯ ಸ್ಟೂಲಿನ ಮೇಲೆ ನಗುನಗುತ್ತಾ ಕೂತಿರುತ್ತಾನೆ. ಬಂದೂಕು ಒರೆಸುವಾಗ ತನ್ನ ಕಾಲಿಗೆ ತಾನೇ ಹೊಡೆದುಕೊಂಡ ಎಂದು ಊರೆಲ್ಲ ನಂಬಿದೆ, ಏಕೆಂದರೆ ಪೊಲೀಸರಿಗೆ ಅವನೇ ಹಾಗೆ ಹೇಳಿದ್ದ. ನಿಜ ಗೊತ್ತಿದ್ದದ್ದು ನಮ್ಮ ಮನೆಯವರಿಗೆ ಮಾತ್ರ.

ಬಂದೂಕು ಕೈಬದಲಾಗುವಾಗ ಕೊಡುವವನು ಅದನ್ನು ತೆರೆದು ಖಾಲಿ ಇರುವುದನ್ನು ತೋರಿಸಬೇಕು, ತೆಗೆದುಕೊಳ್ಳುವವನು ತಾನೂ ಇಣುಕಿ ನೋಡಬೇಕು. ಇದು ಕ್ಲಬ್ಬಿನ ಮೊದಲ ನಿಯಮ. ಆದರೆ ಜೀವದ ಗೆಳೆಯರ ನಡುವೆ ಹಾಗೆ ಇಣುಕುವುದು ಅವಮಾನವಂತೆ! ಅವತ್ತು ಗೆಳೆಯ “ಖಾಲಿ ಇದೆ, ತಗೊಳೋ” ಎಂದ. ಚಿಕ್ಕಪ್ಪ ಕೈ ಚಾಚಿದ. ಗುಂಡು ಹಾರಿತು. ಆ ಗೆಳೆಯನೇ ಇವತ್ತು ಕ್ಲಬ್ಬಿನ ಅಧ್ಯಕ್ಷ. ಅವನನ್ನು ಉಳಿಸಲು ಚಿಕ್ಕಪ್ಪ ಬಾಯಿ ಹೊಲಿದುಕೊಂಡ. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಈ ಬೇಸಿಗೆ ಅಧ್ಯಕ್ಷರು ಆತ್ಮಕಥೆ ಅಚ್ಚು ಹಾಕಿಸಿದರು. ಹೆಸರು ‘ತಪ್ಪದ ಗುರಿ’. ಅದರಲ್ಲಿ ಹೀಗಿತ್ತು: ‘ನನ್ನ ಗೆಳೆಯ ಮೊದಲಿನಿಂದಲೂ ಗಡಿಬಿಡಿ ಮನುಷ್ಯ. ತನ್ನ ಕಾಲನ್ನೇ ಬೇಟೆಯಾಡಿಕೊಂಡ. ಅವನನ್ನು ಹೆಗಲ ಮೇಲೆ ಹೊತ್ತು ತಂದವನು ನಾನು.’ ಚಿಕ್ಕಮ್ಮ ನಿಂತಲ್ಲೇ ಓದಿದಳು. ಅವಳ ಕಿವಿ ಕೆಂಪಾಯಿತು.

ಮಾರನೆಯ ಸಂಜೆ ಅಧ್ಯಕ್ಷರು ಸದಸ್ಯರನ್ನೆಲ್ಲ ಕಟ್ಟಿಕೊಂಡು ಜಗುಲಿಗೆ ಬಂದರು.

“ಏನತ್ತಿಗೆ, ಹಲಗೆ ಮೇಲೆ ನನ್ನ ಪುಸ್ತಕದ ಹೆಸರೇ ಇಲ್ವಲ್ಲ?”

“ಸುಳ್ಳನ್ನ ಓದಿ ಅಂತ ನಾನು ಯಾರಿಗೂ ಹೇಳಲ್ಲ.”

“ಯಾವುದು ಸುಳ್ಳು? ಕಾಲಿನ ವಿಷಯಾನಾ? ಅಯ್ಯೋ, ಅದು ಓದೋರು ನಗಲಿ ಅಂತ ಬರ್ದಿದ್ದು.”

“ಇವರನ್ನ ದಿನಾ ಸ್ನಾನಕ್ಕೆ ಕರ್ಕೊಂಡು ಹೋಗೋಳು ನಾನು. ನನಗೆ ನಗು ಬರ್ಲಿಲ್ಲ.”

ಯಾರೋ ಕೆಮ್ಮಿದರು. ಅಧ್ಯಕ್ಷರ ಮುಖದ ನಗು ಇಳಿಯಿತು.

“ಅತ್ತಿಗೆ, ಈ ಜಾಗ ಕ್ಲಬ್ಬಿಂದು. ಅದು ನೆನಪಿರ್ಲಿ.”

ಚಿಕ್ಕಮ್ಮ ಗಂಡನ ಕಡೆ ತಿರುಗಿದಳು. ಅವನು ಎಂದಿನಂತೆ ನಗುತ್ತಿದ್ದ.

“ಬಿಡೇ, ಹಳೇ ಕಥೆ. ಒಂದು ಹೆಸರು ಬರೆದ್ರೆ ಏನು ಗಂಟು ಹೋಗುತ್ತೆ?”

ಅವಳಿಗೆ ರೇಗಿದ್ದನ್ನು ಏನು ಹೇಳಲಿ! ಸೀಮೆಸುಣ್ಣವನ್ನು ಅವನ ಮಡಿಲಿಗೆ ಎಸೆದಳು.

“ಹಾಗಾದ್ರೆ ನೀವೇ ಬರೀರಿ! ನಿಮ್ಮ ಪ್ರಾಣಸ್ನೇಹಿತ, ನಿಮ್ಮ ಕಾಲು, ನಿಮ್ಮ ಕೈಯಾರೆ ಬರೀರಿ. ನಾನು ಈ ಮಾತು ಇನ್ನೊಂದ್ಸಲ ಎತ್ತಿದ್ರೆ ಕೇಳಿ.”

ಚಿಕ್ಕಪ್ಪ ಊರುಗೋಲು ಹಿಡಿದು ಎದ್ದ. ಹಲಗೆಯ ತುದಿಯಲ್ಲಿ ದಪ್ಪಕ್ಷರದಲ್ಲಿ ‘ತಪ್ಪದ ಗುರಿ’ ಎಂದು ಬರೆದ. ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಚಿಕ್ಕಮ್ಮ ಬೆನ್ನು ತಿರುಗಿಸಿದಳು. ಚಿಕ್ಕಪ್ಪನ ಮೇಲೆ ನನಗೂ ಅಂದು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಆದರೆ ಸೀಮೆಸುಣ್ಣದ ಸದ್ದು ನಿಲ್ಲಲಿಲ್ಲ. ಹೆಸರಿನ ಕೆಳಗೆ ಅವನು ಇನ್ನೂ ಬರೆಯುತ್ತಿದ್ದ: ‘ಎಲ್ಲರೂ ಓದಿ. ಆದರೆ ನನ್ನ ಕಾಲು ಹೋದಾಗ ಬಂದೂಕು ಇದ್ದದ್ದು ಬರೆದವನ ಕೈಯಲ್ಲಿ. ಖಾಲಿ ಇದೆ ಎಂದ. ಗೆಳೆಯನೆಂದು ನಾನು ಇಣುಕಿ ನೋಡಲಿಲ್ಲ. ನೀವು ನೋಡಿ.’

ಅಧ್ಯಕ್ಷರು ಡಸ್ಟರಿಗೆ ಕೈ ಹಾಕಿದರು. ಚಿಕ್ಕಮ್ಮ ಅದನ್ನು ಕಿತ್ತುಕೊಂಡು ಒಣಹುಲ್ಲಿನ ಮೈದಾನಕ್ಕೆ ಬೀಸಿ ಒಗೆದಳು. ಸದಸ್ಯರಲ್ಲಿ ಯಾರೂ ಅದನ್ನು ತರಲು ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ನಾವು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬತೊಡಗಿದೆವು. ಜಾಗ ಹೋದಂತೆಯೇ ಎಂಬುದು ಮೂವರಿಗೂ ಗೊತ್ತಿತ್ತು. ಚಿಕ್ಕಪ್ಪ ಅವಳನ್ನು ಮಾತಾಡಿಸಲು ನೋಡಿದ. ಅವಳು ಯುದ್ಧದ ವೈದ್ಯನ ದಪ್ಪ ಪುಸ್ತಕವನ್ನು ದಡ್ಡನೆ ಪೆಟ್ಟಿಗೆಗೆ ಹಾಕಿದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ಬೆಂಕಿ ಆರಿರಲಿಲ್ಲ.

“ಇಷ್ಟು ಬರೆಯೋಕೆ ಇಷ್ಟು ವರ್ಷ ಬೇಕಾಯ್ತೇನ್ರೀ ನಿಮಗೆ?”