ಮಗ್ಗದ ಸದ್ದಿಗೆ ಓದುತ್ತಿದ್ದವಳು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಎಂ.ಕಾಂ. ಫೈನಾನ್ಸ್ ಓದುತ್ತಿದ್ದಳು. ಓದುವುದು ಮಾತ್ರ ನಮ್ಮ ಮನೆಯ ಕರೆಂಟು ಮಗ್ಗಗಳ ನಡುವೆ. ಮಗ್ಗ ಬಡಿದಂತೆ ತಲೆಯಾಡಿಸುತ್ತ ಷೇರು, ಬಡ್ಡಿ ಎಂದು ಒದರುತ್ತಿದ್ದಳು. ಏನು ಕೇಳಿದರೂ ಒಂದೇ ಮಾತು: “ರಿಸ್ಕ್ ಇದ್ದಲ್ಲೇ ಲಾಭ ಐತಿ ಆಯಿ.” ಚಹಾಕ್ಕೆ ಸಕ್ಕರೆ ಜಾಸ್ತಿ ಸುರಿದುಕೊಂಡಾಗಲೂ ಅದೇ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತವು. ಹುಡುಗಿ ಪುಸ್ತಕ ಮುಚ್ಚಿ ಅಳತೊಡಗಿದಳು.

“ಸದ್ದ ಇಲ್ಲಂದ್ರ ನನಗ ಒಂದೂ ನೆನಪಾಗೂದಿಲ್ಲ ಆಯಿ. ಹ್ವಾದ ಸಲ ಪರೀಕ್ಷಾದಾಗ ಹಿಂಗ ಆಗೇ ಫೇಲ್ ಆದ್ನಿ. ಈ ಸಲನೂ ಆದ್ರ ಅಪ್ಪ ಓದ ಬಿಡಸ್ತಾನ.”

“ಹಂಗಾರ ನಿನ್ನ ಸಲುವಾಗಿ ಪರೀಕ್ಷಾ ಖೋಲ್ಯಾಗ ಮಗ್ಗ ಹೂಡ್ಬೇಕೇನ ಬೇ?” ಎಂದು ಗದರಿದೆ.

ಅಳುತ್ತಲೇ ನಕ್ಕಳು. “ಹೂಡಿದ್ರ ಛಲೋ ಆಕ್ಕಿತ್ತು.”

ಮರುದಿನ ಬೆಳಿಗ್ಗೆ ಅವಳೊಡನೆ ನಾನೂ ಜಮಖಂಡಿ ಬಸ್ಸು ಹತ್ತಿದೆ. ಅಲ್ಲಿಯ ಕಾಲೇಜಿನಲ್ಲಿ ಅವಳು ಪರೀಕ್ಷೆಗೆ ಕೂತ ಕೋಣೆಯ ಕಿಟಕಿ ನೋಡಿಕೊಂಡು, ಅದರ ಕೆಳಗೆ ಕೂತು, ಕಬ್ಬಿಣದ ಕುಟ್ಟಾಣಿಯಲ್ಲಿ ಟಕ್ ಟಕ್ ಎಂದು ಎಲೆ ಅಡಿಕೆ ಕುಟ್ಟತೊಡಗಿದೆ. ಕಾವಲುಗಾರ ಓಡಿ ಬಂದ. “ಹಲ್ಲಿಲ್ಲೋ ತಮ್ಮಾ” ಎಂದು ಬಾಯಿ ತೆರೆದು ತೋರಿಸಿ, ಪರೀಕ್ಷೆ ಮುಗಿದ ಗಂಟೆ ಬಾರಿಸುವವರೆಗೂ ಕುಟ್ಟಿದೆ.