ಕುಕ್ಕರಿನಲ್ಲಿ ಬೆಂದ ಮಫ್ಲರ್

ಮಿತೊ ಊರಿನ ಕುಜಿರಾಯ್ ತೊಮೊಯೆ ಆಯುಷ್ಯದ ಮುಕ್ಕಾಲು ಪಾಲನ್ನು ಪ್ರವಾಸಿ ಬಸ್ಸಿನ ಗೈಡ್ ಆಗಿ ಕಳೆದವಳು. ಆಕೆ ಮೈಕ್ ಹಿಡಿದು "ಎಡಗಡೆ ನೋಡಿ" ಅಂದರೆ ಪ್ರಯಾಣಿಕರಷ್ಟೇ ಅಲ್ಲ, ರಸ್ತೆ ಬದಿಯ ಪೈನ್ ಮರಗಳೂ ಎಡಕ್ಕೆ ವಾಲುತ್ತಿದ್ದವು. ಅನುಮಾನವಿದ್ದವರು ಹೋಗಿ ನೋಡಲಿ, ಆ ಮರಗಳು ಇವತ್ತಿಗೂ ಸೊಟ್ಟಗೇ ಇವೆ. ನಿವೃತ್ತಿಯಾದ ಮೇಲೆ ಸುಮ್ಮನಿರದೆ ಪ್ರವೇಶ ಪರೀಕ್ಷೆ ಬರೆದು ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದ ಮೊದಲ ವರ್ಷಕ್ಕೆ ಸೇರಿಬಿಟ್ಟಳು.

"ಹೂ ಜೋಡಿಸೋ ಕ್ಲಾಸಿಗೆ ಹೋಗಬಾರದಿತ್ತೇನೆ?" ಅಂದ ಗಂಡ ಹೈಸಾಕು.

"ಹೂ ಯಾಕೆ ಬಾಡತ್ತೆ ಅಂತ ಅಲ್ಲಿ ಹೇಳಿಕೊಡಲ್ಲ ಕಣ್ರೀ."

"ಈ ವಯಸ್ಸಲ್ಲಿ ಅದನ್ನ ತಿಳ್ಕೊಂಡು ಏನು ಮಾಡ್ತೀಯ?"

"ತಿಳ್ಕೊಂಡಿರ್ತೀನಿ."

ಜೀವಕೋಶದ ಪಾಠವನ್ನು ಆಕೆ ಬಸ್ ಮಾರ್ಗದ ಹಾಗೆ ಬಾಯಿಪಾಠ ಮಾಡಿದಳು. ಕೋಶಕೇಂದ್ರದಿಂದ ಹೊರಟು, ರೈಬೋಸೋಮ್ ನಿಲ್ದಾಣ ದಾಟಿ, ಗಾಲ್ಗಿ ಜಂಕ್ಷನ್ನಿನಲ್ಲಿ ಚಹಾ ಬಿಡುವು. ಲಿಖಿತ ಪರೀಕ್ಷೆಗಳೆಲ್ಲ ಸಲೀಸಾಗಿ ಮುಗಿದವು. ಉಳಿದದ್ದು ಸೂಕ್ಷ್ಮಜೀವಿಗಳ ಪ್ರಾಕ್ಟಿಕಲ್. ಅದರಲ್ಲಿ ಪಾಸಾಗದಿದ್ದರೆ ಎರಡನೇ ವರ್ಷದ ಬಾಗಿಲು ತೆರೆಯುವುದಿಲ್ಲ.

ಕೆಲಸ ಕೋಜಿ ಮಾಡುವುದು. ಬೇಯಿಸಿದ ಅಕ್ಕಿಯ ಮೇಲೆ ಒಳ್ಳೆಯ ಬೂಷ್ಟನ್ನು ಬೆಳೆಸಬೇಕು. ಅಕ್ಕಿ ಮದ್ಯವಾದ ಸಾಕೆಯ ಭಟ್ಟಿಗಳಲ್ಲಿರುವ ಹಳೇ ಕಟ್ಟಳೆಯನ್ನೇ ನುಕಾಗಾ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ಪ್ರಾಕ್ಟಿಕಲ್ ಮುಗಿಯುವ ತನಕ ಯಾರೂ ನತ್ತೋ ತಿನ್ನಬಾರದು. ಎಳೆಎಳೆಯಾಗಿ ಅಂಟುವ ಆ ಹುಳಿಸಿದ ಸೋಯಾಕಾಳಿನ ಬ್ಯಾಕ್ಟೀರಿಯಾ ಮಹಾ ಮೊಂಡು. ಕುದಿಯುವ ನೀರಿನಲ್ಲಿ ಸ್ನಾನ ಮಾಡಿ ಎದ್ದು ಬಂದು ಕೋಜಿಯನ್ನು ನುಂಗಿಹಾಕುತ್ತದೆ.

ಮಿತೊದವರಿಗೆ ನತ್ತೋ ಬೇಡ ಅನ್ನುವುದು ಉಸಿರಾಡಬೇಡ ಅಂದ ಹಾಗೆ. ತೊಮೊಯೆ ಹಲ್ಲು ಕಚ್ಚಿ ಬಿಟ್ಟಳು. ಆ ದಿನಗಳಲ್ಲಿ ಆಕೆ ಎಷ್ಟು ಸೊರಗಿದಳೆಂದರೆ ಬಸ್ ನಿಲ್ದಾಣದಲ್ಲಿ ಜನ ಆಕೆಯನ್ನು ಕೊಡೆ ಎಂದುಕೊಂಡು ಪಕ್ಕಕ್ಕೆ ಒರಗಿಸಿಡುತ್ತಿದ್ದರು. ಹೈಸಾಕು ಮಾತ್ರ ಅಡುಗೆಮನೆಯಲ್ಲಿ ಹುಲ್ಲಿನ ಕಟ್ಟುಗಳಲ್ಲಿ ನತ್ತೋ ಮಾಡಿಕೊಂಡು, ದಿನಾ ಬೆಳಿಗ್ಗೆ ಆಕೆಯ ಎದುರಿಗೇ ಕೂತು ಎಳೆ ಎಳೆಯುತ್ತಿದ್ದ.

ಕೊನೆಗೆ ಕೋಜಿಯ ಟ್ರೇ ತೆರೆದರೆ ಬಿಳಿ ಬೂಷ್ಟೂ ಇಲ್ಲ, ಒಳ್ಳೆಯ ಕೋಜಿಗೆ ಇರಬೇಕಾದ ಚೆಸ್ಟ್‌ನಟ್ಟಿನ ಪರಿಮಳವೂ ಇಲ್ಲ. ಅಕ್ಕಿ ಲೋಳೆಲೋಳೆಯಾಗಿ ಒದ್ದೆ ಕಾಲುಚೀಲದ ವಾಸನೆ ಹೊಡೆಯುತ್ತಿತ್ತು. ಇಡೀ ತರಗತಿ ಮಿತೊದ ಹೆಂಗಸಿನ ಕಡೆ ತಿರುಗಿತು.

"ಅಜ್ಜೀ, ನಿಜ ಹೇಳಿ, ಒಂದೇ ಒಂದು ತುತ್ತು?" ಅಂದಳು ಅದೇ ಟ್ರೇಯ ಜೊತೆಗಾತಿ ಮಾಹೊ.

"ಒಂದು ಎಳೆನೂ ಇಲ್ಲ. ಮತ್ತೆ ನಾನು ಅಜ್ಜಿ ಅಲ್ಲ, ಫಸ್ಟ್ ಇಯರ್."

ನುಕಾಗಾ ಮೇಷ್ಟ್ರು ಬೆಣ್ಣೆಯಂಥ ದನಿಯಲ್ಲಿ ಅಂದರು: "ಕುಜಿರಾಯ್ ಅವರೇ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ತಾಪತ್ರಯ? ಪರೀಕ್ಷೆ ಗಿರೀಕ್ಷೆ ಇಲ್ಲದೆ ಹಿಂದೆ ಕೂತು ಪಾಠ ಕೇಳಬಹುದಲ್ಲ."

"ಹಿಂದೆ ಕೂತು ನನಗೆ ಅಭ್ಯಾಸ ಇಲ್ಲ ಮೇಷ್ಟ್ರೇ, ಗೈಡ್ ನಿಲ್ಲೋದು ಬಸ್ಸಿನ ಮುಂದೆ. ಬ್ಯಾಕ್ಟೀರಿಯಾ ಬೆಳೆಸೋ ಅಗರ್ ತಟ್ಟೆ ಕೊಡಿ. ಕಳ್ಳನ್ನ ಹಿಡಿಯೋ ತನಕ ನನ್ನ ಹೆಸರು ಹೊಡೆದುಹಾಕಬೇಡಿ."

ಹೆಬ್ಬೆರಳು, ನಾಲಿಗೆ, ಕೂದಲು, ಬಿಳಿ ಕೋಟು, ಒಂದೊಂದನ್ನೂ ಒಂದೊಂದು ತಟ್ಟೆಗೆ ಮುಟ್ಟಿಸಿದಳು. ಕೊನೆಗೆ ಕೋಜಿ ಕೋಣೆಯ ಗೂಟಕ್ಕೆ ದಿನಾ ನೇತುಹಾಕುತ್ತಿದ್ದ ತನ್ನ ಉಣ್ಣೆ ಮಫ್ಲರನ್ನೂ ಒತ್ತಿದಳು. ಮರುದಿನ ನೋಡಿದರೆ ಉಳಿದ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಮಫ್ಲರಿನ ತಟ್ಟೆಯ ತುಂಬ ಸುಕ್ಕುಸುಕ್ಕಾದ ಬಿಳಿ ಪದರ. ಕಡ್ಡಿ ಮುಟ್ಟಿಸಿ ಎತ್ತಿದರೆ ಎಳೆ ಬಂತು. ಹಿಡಿದು ನಡೆದಿದ್ದರೆ ಮಿತೊ ರೈಲು ನಿಲ್ದಾಣದ ತನಕ ಬರುತ್ತಿತ್ತು.

ತೊಮೊಯೆಗೆ ಮನೆಯ ಅಡುಗೆಮನೆ ಕಣ್ಣೆದುರು ಬಂತು. ಮಫ್ಲರ್ ಒಣಗುವ ಹಗ್ಗ, ಅದರ ಕೆಳಗೇ ಗಂಡನ ಹುಲ್ಲಿನ ಕಟ್ಟುಗಳು.

"ಆ ತಟ್ಟೆ ಬಿಸಾಕಿಬಿಡಿ, ಯಾರೂ ನೋಡಿಲ್ಲ," ಎಂದು ಮಾಹೊ ಪಿಸುಗುಟ್ಟಿದಳು.

ತೊಮೊಯೆ ತಟ್ಟೆಯನ್ನು ಎತ್ತಿ ಹಿಡಿದು ಹಳೇ ದನಿ ತೆಗೆದಳು. ಗಾಜಿನ ಸೀಸೆಗಳು ಬಲಕ್ಕೆ ವಾಲಿದವು. "ಎಲ್ಲರೂ ಬಲಗಡೆ ನೋಡಿ. ಇದು ನನ್ನ ಮಫ್ಲರ್. ಕಳ್ಳ ಇದೇ."

"ಅಂದರೆ ತಪ್ಪು ಒಪ್ಪಿಕೊಂಡಿರಿ," ಅಂದರು ಮೇಷ್ಟ್ರು.

"ಒಪ್ಪಿಕೊಂಡಿಲ್ಲ, ಪತ್ತೆ ಮಾಡಿದೆ. ನೀವು ನನ್ನ ಬಾಯಿಗೆ ಬೀಗ ಹಾಕಿಸಿದ್ರಿ, ಬ್ಯಾಕ್ಟೀರಿಯಾ ಕುತ್ತಿಗೆ ಮೇಲೆ ಕೂತು ಬಂತು. ಇದು ಪ್ರಾಕ್ಟಿಕಲ್ ಅಲ್ಲದಿದ್ರೆ ಇನ್ಯಾವುದು? ಇನ್ನೊಂದು ಟ್ರೇ ಕೊಡಿ. ಅದೂ ಕೆಟ್ಟರೆ ಮುಂದಿನ ವರ್ಷ ಇದೇ ಮೊದಲ ಸಾಲಲ್ಲಿ ಕೂರ್ತೀನಿ. ಅದರ ಮುಂದಿನ ವರ್ಷಾನೂ. ನಿಮಗೆ ನಿವೃತ್ತಿ ಯಾವಾಗ ಮೇಷ್ಟ್ರೇ?"

ಮೇಷ್ಟ್ರು ಬೆರಳು ಮಡಿಸಿ ನಿವೃತ್ತಿಗೆ ಉಳಿದ ವರ್ಷಗಳನ್ನು ಎಣಿಸಿದರು. "ಟ್ರೇ ತಗೊಳ್ಳಿ. ಮಫ್ಲರ್ ಮನೇಲಿ ಬಿಟ್ಟು ಬನ್ನಿ."

"ಬಿಡಲ್ಲ. ಕುತ್ತಿಗೆ ನನ್ನದು, ಚಳಿ ನಿಮ್ಮ ಕಟ್ಟಡದ್ದು. ಕುದಿಯೋ ನೀರಿಗೆ ಜಗ್ಗದೇ ಇದ್ದದ್ದು ಸಾಮಾನು ಶುದ್ಧ ಮಾಡೋ ನಿಮ್ಮ ದೊಡ್ಡ ಕುಕ್ಕರಿನ ಒತ್ತಡಕ್ಕೆ ಸಾಯತ್ತೆ ಅಂತ ನೀವೇ ಪಾಠ ಮಾಡಿದ್ದು."

ಅಂದೇ ಹೈಸಾಕುವಿನ ಹುಲ್ಲಿನ ಕಟ್ಟುಗಳು ಹಿತ್ತಲಿನ ಷೆಡ್ಡಿಗೆ ಗಡೀಪಾರಾದವು, ಹೈಸಾಕು ಕೂಡ ಬಟ್ಟಲು ಹಿಡಿದು ಹಿಂದೆಯೇ ಹೋದ. ಕುತ್ತಿಗೆಗೆ ಮೂರು ಸುತ್ತು ಬರುವ ಮಫ್ಲರ್ ಪ್ರಯೋಗಾಲಯದ ಕುಕ್ಕರಿಗೆ ಹೋಯಿತು, ಉಣ್ಣೆ ಕುಗ್ಗಿ ಬೆಕ್ಕಿನ ಕೊರಳಪಟ್ಟಿ ಹೊರಬಂತು. ತೊಮೊಯೆ ಅದನ್ನೇ ಕುತ್ತಿಗೆಗೆ ಪಿನ್ನು ಚುಚ್ಚಿ ನಿಲ್ಲಿಸಿಕೊಂಡು ತರಗತಿಗೆ ಹೋದಳು. ನಗುವವರು ನಕ್ಕರು. ಈ ಸಲ ಟ್ರೇ ತೆರೆದಾಗ ಅಕ್ಕಿಯ ಮೇಲೆ ಹಿಮ ಬಿದ್ದಂತೆ ಬಿಳಿ ಬೂಷ್ಟು, ಕೋಣೆಯೆಲ್ಲ ಚೆಸ್ಟ್‌ನಟ್ ಹುರಿದ ಘಮ.

ಪಾಸಾದವರ ಹೆಸರು ಅಂಟಿಸಿದ ಮಧ್ಯಾಹ್ನ, ಆಕೆ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದು ನತ್ತೋ ಕಲಸತೊಡಗಿದಳು. ನುಕಾಗಾ ಮೇಷ್ಟ್ರು ದೂರದಿಂದಲೇ ಸುತ್ತು ಬಳಸಿ ನಡೆದರು.

"ಎರಡನೇ ವರ್ಷದಲ್ಲಿ ಏನೇನು ನಿಷೇಧ ಮೇಷ್ಟ್ರೇ?"

"ಇನ್ನೂ ಯೋಚನೆ ಮಾಡಿಲ್ಲ."

"ಮಾಡಿ. ಈ ಸಲ ಪೂರ್ತಿ ಬರೀರಿ, ಮಫ್ಲರ್ ಸಮೇತ," ಅಂದು ಆಕೆ ಮೊದಲ ತುತ್ತನ್ನು ಬಾಯಿಗಿಟ್ಟಳು.